ಸೊಂಟದ ಹಗ್ಗದ ಮರುಮಂಜೂರಾತಿ ಕೋರಿ

ಇಂದ,
ಧರೆಪ್ಪ ಅಪ್ಪಾಸಾಬ ಮಗದುಮ,
ಕಬ್ಬು ಬೆಳೆಗಾರ ಹಾಗೂ ಕಾರ್ಯದರ್ಶಿ, ಊರ ಏತ ನೀರಾವರಿ ಸಂಘ,
ಸಾ. ಜುಗೂಳ, ತಾ. ಕಾಗವಾಡ.
(ಹಾಲಿ ವಾಸ್ತವ್ಯ: ಸ್ವಂತ ಮನೆಯ ಪಡಸಾಲೆ)

ಗೆ,
ಶ್ರೀಮತಿ ದಾನೇಶ್ವರಿ ಧರೆಪ್ಪ ಮಗದುಮ,
ಅರ್ಜಿದಾರನ ಧರ್ಮಪತ್ನಿಯವರು ಹಾಗೂ ಹಗ್ಗ ಹಿಡಿಯುವ ಏಕೈಕ ಅಧಿಕಾರಿಗಳು,
ಕೃಷ್ಣಾ ನದಿ ದಂಡೆ, ಜುಗೂಳ.
(ಹಾಲಿ ಕಚೇರಿ: ಅದೇ ಮನೆಯ ಅಡುಗೆಮನೆ, ಬಾಗಿಲು ಮುಂದಕ್ಕೆ ಹಾಕಿದೆ)

ಮುಖಾಂತರ: ಶ್ರೀಮತಿ ಸಕ್ಕುಬಾಯಿ, ಅರ್ಜಿದಾರನ ತಾಯಿಯವರು.

ವಿಷಯ: ಅರ್ಜಿದಾರನು ನದಿಗೆ ಇಳಿಯುವಾಗ ಸೊಂಟಕ್ಕೆ ಕಟ್ಟಿಕೊಳ್ಳುವ ಹಗ್ಗದ ದಂಡೆಯ ಕಡೆಯ ತುದಿಯನ್ನು ಮೊದಲಿನಂತೆ ತಾವೇ ಹಿಡಿಯಲು ಒಪ್ಪುವ ಕುರಿತು, ಹಾಗೂ ಅಳಿಸಿಹೋದ ಕೈಯೊಂದರ ಕುರಿತು.

ಉಲ್ಲೇಖ:
೧. ಅರ್ಜಿದಾರನು ಸಮುದ್ರದ ತಳಕ್ಕೆ ಹೋಗಿಬಂದ ಬಗ್ಗೆ ಬಸ್ ನಿಲ್ದಾಣದ ಎದುರು ಕಟ್ಟಿದ್ದ ಫ್ಲೆಕ್ಸ್.
೨. ಸದರಿ ಫ್ಲೆಕ್ಸ್ ನೋಡಿ ತಾವು ಆಡಿದ ಒಂದೇ ಮಾತು.
೩. ಆ ನಂತರ ತಾವು ಅರ್ಜಿದಾರನೊಂದಿಗೆ ಆಡದೇ ಇರುವ ಎಲ್ಲ ಮಾತುಗಳು.
೪. "ಸಂಘದಾಗ ಮಂದಿಗೆಲ್ಲಾ ಅರ್ಜಿ ಬರ್ದು ಕೊಡ್ರಿ ಅಂತಾರಲ್ಲ, ನನಗೂ ಒಂದು ಬರ್ದು ಕೊಡಾಕ ಹೇಳ್ರಿ" ಎಂದು ತಾಯಿಯವರ ಮೂಲಕ ಬಂದ ತಮ್ಮ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಅರ್ಜಿಯಲ್ಲಿ ಅವನು ತನ್ನನ್ನು ಎಲ್ಲಿಯೂ 'ನಾನು' ಎಂದು ಕರೆದುಕೊಂಡಿರುವುದಿಲ್ಲ. "ನಾ ನಾ ಅಂತ ಅಂದು ಅಂದು ಇಲ್ಲೀತನಕಾ ಬಂತಲ್ಲೋ, ಅದೊಂದು ಬಿಟ್ಟು ಬರಿ" ಎಂದು ತಾಯಿಯವರು ಷರತ್ತು ಹಾಕಿರುವ ಕಾರಣ, ಮತ್ತು ಸದರಿಯವರು ಇದನ್ನು ಬರೆಯುವಾಗ ಪಕ್ಕದಲ್ಲೇ ಕುಳಿತು ಅಡಕೆ ಕತ್ತರಿಸುತ್ತಿರುವ ಕಾರಣ, ಮುಂದಿನದೆಲ್ಲವನ್ನೂ ಧರೆಪ್ಪನೆಂಬ ಬೇರೊಬ್ಬ ಮನುಷ್ಯನ ಸಂಗತಿ ಎಂಬಂತೆ ಬರೆಯಲಾಗಿದೆ. ಹಾಗೆ ಬರೆಯುತ್ತಾ ಹೋದರೆ ಆ ಮನುಷ್ಯನ ಮೇಲೆ ಸ್ವಲ್ಪ ಸಿಟ್ಟು ಬರುತ್ತದೆ ಎಂಬುದು ಅರ್ಜಿದಾರನ ಗಮನಕ್ಕೂ ಬಂದಿದೆ.

೧. ಅರ್ಜಿದಾರನು ಕೃಷ್ಣೆಯ ದಂಡೆಯಲ್ಲಿ ಹುಟ್ಟಿ, ನಡೆಯುವುದನ್ನೂ ಈಜುವುದನ್ನೂ ಹೆಚ್ಚುಕಡಿಮೆ ಒಟ್ಟಿಗೇ ಕಲಿತವನಾಗಿರುತ್ತಾನೆ. ನದಿಯಿಂದ ನೀರೆತ್ತುವ ಪಂಪಿನ ಪೈಪು ನೀರಿನಡಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಫುಟ್‌ವಾಲ್ವ್ ಎಂಬ ಜಾಳಿಗೆಯ ಬಾಯಿ ಇರುತ್ತದೆ. ಅದಕ್ಕೆ ಜಲಪರ್ಣಿ ಎಂಬ ತೇಲುವ ಕಳೆಯ ಬೇರು, ಪ್ಲಾಸ್ಟಿಕ್ ಚೀಲ, ಮೇಲಿನ ಊರಿನವರು ನೀರಿಗೆ ಬಿಟ್ಟ ಹಳೆಯ ಸೀರೆ ಇತ್ಯಾದಿ ಸುತ್ತಿಕೊಂಡರೆ ಮೋಟರು ಬರೀ ಗುಂಯ್ ಎನ್ನುತ್ತದೆ, ನೀರು ಬರುವುದಿಲ್ಲ. ಆಗ ಯಾರಾದರೊಬ್ಬರು ಉಸಿರು ಕಟ್ಟಿ ತಳಕ್ಕೆ ಹೋಗಿ ಕೈಯಿಂದ ತಡವಿ ಕಸ ಬಿಡಿಸಬೇಕು. ಈ ಊರಿನಲ್ಲಿ ಆ ಯಾರಾದರೊಬ್ಬರು ಎಂದರೆ ಧರೆಪ್ಪನೇ. "ಧರೆಪ್ಪಣ್ಣನ್ನ ಕರೀರಿ" ಎಂಬ ಮಾತು ಕಿವಿಗೆ ಬಿದ್ದರೆ ಊಟದ ತಾಟು ಬಿಟ್ಟು ಎದ್ದುಹೋಗುವ ಚಟ ಅವನಿಗಿದೆ. ಹೋಗುವ ಮುನ್ನ ಅರ್ಜಿ ಬರೆಸಿಕೊಳ್ಳುವ ಚಟವೂ ಇದೆ. ಬಾಯಿಮಾತಿನಲ್ಲಿ ಕರೆಯಲು ಬಂದ ಸ್ವಂತ ಬೀಗರನ್ನೇ "ರೀತಿ ಪ್ರಕಾರ ಬರ್ರಿ" ಎಂದು ವಾಪಸು ಕಳಿಸಿದ್ದು ತಮಗೆ ನೆನಪಿರಬಹುದು. ಬೀಗರಿಗಂತೂ ನೆನಪಿದೆ.

೨. ಹೀಗೆ ನೀರಿಗೆ ಇಳಿಯುವಾಗ ಅವನ ಸೊಂಟಕ್ಕೆ ಒಂದು ಹಗ್ಗ ಕಟ್ಟಿರುತ್ತದೆ. ಅದರ ಇನ್ನೊಂದು ತುದಿ ದಂಡೆಯ ಮೇಲೆ ತಮ್ಮ ಕೈಯಲ್ಲಿರುತ್ತದೆ. ಗಂಟು ಹಾಕುವವರೂ ತಾವೇ. ಮದುವೆಯಾದ ಮೊದಲ ಬೇಸಿಗೆಯಿಂದ ಹೀಗೆಯೇ ನಡೆದುಬಂದಿದೆ. ಕೆಳಗೆ ರಾಡಿ ಎದ್ದು ಕಣ್ಣಿಗೆ ಏನೂ ಕಾಣುವುದಿಲ್ಲ. ನಡುವೆ ತಾವು ಹಗ್ಗವನ್ನು ಒಮ್ಮೆ ಜಗ್ಗುತ್ತೀರಿ, ಅಂದರೆ "ಹ್ಯಾಂಗದೀರಿ?" ಎಂದು. ಅವನೂ ಒಮ್ಮೆ ಜಗ್ಗುತ್ತಾನೆ, ಅಂದರೆ "ಅದೀನಿ" ಎಂದು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ನೆಲದ ಮೇಲಿರುವಾಗ ಒಬ್ಬರನ್ನೊಬ್ಬರು ಹೀಗೆ ಕೇಳಿಕೊಂಡದ್ದು ಬಹಳ ಕಡಿಮೆ ಎಂಬುದನ್ನೂ ಇಲ್ಲಿ ದಾಖಲಿಸಲಾಗಿದೆ.

ತಮಗೆ ಈಜು ಬರುವುದಿಲ್ಲ. ನೀರು ಮೊಣಕಾಲಿನ ಮೇಲೆ ಬಂದರೆ ತಮ್ಮ ಸೆರಗು ತಾನಾಗಿಯೇ ಬಾಯಿಗೆ ಹೋಗುತ್ತದೆ. ಆದರೂ ಬೆಳಗಿನ ರೊಟ್ಟಿ ಅರ್ಧಕ್ಕೆ ಬಿಟ್ಟು ಅವನ ಹಿಂದೆ ನದಿಗೆ ಬಂದಿದ್ದೀರಿ, ಜ್ವರ ಬಂದಾಗಲೂ ಬಂದಿದ್ದೀರಿ. ಇದನ್ನೆಲ್ಲ ಧರೆಪ್ಪನು ಮನೆಯ ಮಾಮೂಲು ಕೆಲಸಗಳ ಪೈಕಿ ಒಂದೆಂದು ತಿಳಿದಿದ್ದನು. ಆದಕಾರಣ "ನಾ ಒಬ್ಬಾಂವ ಇಳೀತೀನಿ, ಯಾರ ಆಸರಾನೂ ಬೇಕಾಗಿಲ್ಲ" ಎಂದು ಊರ ತುಂಬ ಹೇಳಿಕೊಂಡು ತಿರುಗುವಾಗ ಹಗ್ಗವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

೩. ಈ ಸಾಲಿನ ಕಬ್ಬಿನ ಹಂಗಾಮು ಮುಗಿದ ಮೇಲೆ ಸಂಘದ ಸದಸ್ಯರು ಸಹಕುಟುಂಬವಾಗಿ ಟೆಂಪೋ ಮಾಡಿಕೊಂಡು ಮಾಲ್ವಣದ ಕಡಲಿಗೆ ಪ್ರವಾಸ ಹೋದರು. ಅಲ್ಲಿ ಸ್ಕೂಬಾ ಎಂಬ ಏರ್ಪಾಡು ಇದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಬಾಯಿಗೆ ನಳಿಕೆ ಕಚ್ಚಿಸಿ, ಜೊತೆಗೊಬ್ಬ ಮಾರ್ಗದರ್ಶಿಯನ್ನು ಕೊಟ್ಟು, ಸಮುದ್ರದ ತಳದ ಮೀನು ತೋರಿಸಿಕೊಂಡು ಬರುತ್ತಾರೆ. ಅರ್ಜಿದಾರನ ಕಾಕಾನ ಮಗನಾದ ದುಂಡೇಶನು, "ಅಣ್ಣಾ, ನೀ ಇಲ್ಲಿತನಕಾ ಬಂದು ಇಳೀಲಿಲ್ಲಂದ್ರ ಸಮುದ್ರ ಬ್ಯಾಸರಾ ಮಾಡ್ಕೋತೈತಿ" ಎಂದು ಎಲ್ಲರೆದುರು ಕೆಣಕಿದನು. ಧರೆಪ್ಪ ಅಂಗಿ ಬಿಚ್ಚಿದನು.

ಮಾರ್ಗದರ್ಶಿ ಸುಹಾಸ ಅಲ್ಲಿಯದೇ ಮೀನುಗಾರರ ಮನೆಯವನು. ಮರಾಠಿಯವನಾದರೂ ನಮ್ಮ ಕಡೆಯ ಪ್ರವಾಸಿಗಳ ಸಹವಾಸದಿಂದ ಕನ್ನಡ ಕಲಿತಿದ್ದನು. ದೋಣಿಯಲ್ಲಿ ಎಲ್ಲರನ್ನೂ ಕೂರಿಸಿ ಅವನು ಹೇಳಿದ್ದೇನೆಂದರೆ, "ಒಂದು ಗೋಷ್ಟ, ಒಂದು ಮಾತು, ನೆನಪ ಇಡ್ರಿ. ಕೆಳಗ ಉಸಿರು ಹಿಡೀಬಾರದು. ತಗೋತಾ ಇರಬೇಕು, ಬಿಡತಾ ಇರಬೇಕು. ಉಸಿರು ಹಿಡಕೊಂಡು ಮ್ಯಾಲೆ ಎದ್ರ ಎದಿಯೊಳಗಿನ ಗಾಳಿ ಉಬ್ಬತೈತಿ, ಜೀವಕ್ಕ ಅಪಾಯ."

ಇದನ್ನು ಕೇಳಿ ಧರೆಪ್ಪನಿಗೆ ನಗು ಬಂತು. ಜನ್ಮವಿಡೀ ಉಸಿರು ಹಿಡಿದು ಹೆಸರು ಮಾಡಿದವನಿಗೆ ಉಸಿರು ಬಿಡು ಎಂದು ಹೇಳುವುದೆಂದರೇನು. ಅವನು ತನ್ನ ಫುಟ್‌ವಾಲ್ವಿನ ಅನುಭವವನ್ನು ಸವಿಸ್ತಾರವಾಗಿ ಸುಹಾಸನಿಗೆ ನಿವೇದಿಸಿದನು. ಕಡೆಗೆ, "ನನ್ನ ಹಿಂದ ಕೈ ಹಿಡಕೊಂಡು ಬರೂದು ಬ್ಯಾಡ ತಮ್ಮಾ, ನೀ ಬೇಕಾದ್ರ ನನ್ನ ಹಿಂದ ಬಾ, ನಾ ನಿನಗ ದಾರಿ ತೋರಸ್ತೀನಿ" ಎಂದನು.

ಇತ್ತ ದುಂಡೇಶನದು ಇನ್ನೊಂದು ತರಹ. ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಗಡಿಯಾರದಂಥ ಮಾಪಕವನ್ನು ಸುಹಾಸ ತೋರಿಸಲು ಹೋದರೆ, "ಅದನ್ನ ನೀ ನೋಡ್ಕೋ ಮಾರಾಯಾ, ಅದಕ್ಕ ಅಲ್ಲೇನ ನೀ ಇರೂದು?" ಎಂದು ಕಣ್ಣು ಮುಚ್ಚಿಕೊಂಡನು.

ಸುಹಾಸ ಇಬ್ಬರನ್ನೂ ನೋಡಿ ಹೇಳಿದನು. "ಜೇಬಿನಾಗ ಸರ್ಟಿಫಿಕೇಟ್ ಇಟಕೊಂಡು, ಎಷ್ಟೋ ಸಮುದ್ರಾ ಇಳದು ಬಂದವರು ಅದಾರ್ರಿ. ಕೆಳಗ ಗೈಡಿನ ಕಾಲ ಬಿಟ್ರ ಏನೂ ನೋಡಂಗಿಲ್ಲ. ತಮ್ಮ ಗಾಳಿ ಎಷ್ಟ ಐತಿ ಅನ್ನೂದೂ ಗೈಡನ್ನ ಕೇಳತಾರ. ಇನ್ನ ಕೆಲವರು ಗೈಡನ್ನ ಹತ್ರ ಬಿಟಕೊಳ್ಳಂಗಿಲ್ಲ. ನನಗ ಇಬ್ಬರದೂ ಹೆದರಿಕಿ." ಆಗ ದೋಣಿಯ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದ ತಾವು ಎರಡು ಪ್ರಶ್ನೆ ಕೇಳಿದಿರಿ. ಮೊದಲನೆಯದು, "ಹಗ್ಗ ಎಲ್ಲೈತ್ರಿ?"

"ಇಲ್ಲಿ ಹಗ್ಗ ಇಲ್ಲ ಕಾಕು. ಇಬ್ಬಿಬ್ಬರು ಜೋಡಿ ಇಳೀತಾರ. ಒಬ್ಬರ ಮ್ಯಾಲೆ ಒಬ್ಬರು ಕಣ್ಣ ಇಟ್ಟಿರಬೇಕು."

ತಾವು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಹಂಗಾರ ನಾನೂ ಇಳೀತೀನಿ" ಎಂದಿರಿ. ತಮ್ಮ ಎರಡನೆಯ ಪ್ರಶ್ನೆ, "ಆ ಮುಳ್ಳು ಎಲ್ಲಿಗೆ ಬಂದ್ರ ನಾ ನಿಮಗ ಹೇಳಬೇಕ್ರಿ?"

ಮಾಪಕದ ಬಗ್ಗೆ ಇಡೀ ದೋಣಿಯಲ್ಲಿ ಕೇಳಿದವರು ತಾವೊಬ್ಬರೇ. ಸುಹಾಸ ಅದನ್ನು ತಮಗೆ ಮಾತ್ರ ಎರಡೆರಡು ಸಲ ತೋರಿಸಿದನು. ಧರೆಪ್ಪನು ಆಗ ದುಂಡೇಶನ ಮೊಬೈಲಿಗೆ ಎದೆ ಉಬ್ಬಿಸಿ ನಿಂತಿದ್ದರಿಂದ ಇದನ್ನು ಗಮನಿಸಲಿಲ್ಲ, ದೋಣಿಯಲ್ಲಿದ್ದವರಿಂದ ನಂತರ ತಿಳಿದುಕೊಂಡನು.

೪. ಕೈಯ ಬಳೆಗಳನ್ನು ತೆಗೆದಿಡುವಂತೆ ಸುಹಾಸ ಕೇಳಿದಾಗ ತಾವು, "ಗಂಡ ನೀರಾಗಿರೂವಾಗ ಬಳಿ ತಗಿಯೂದಿಲ್ರಿ" ಎಂದು ನಿರಾಕರಿಸಿದ ಸಂಗತಿ ಮುಂದಕ್ಕೆ ಬೇಕಾಗುವುದರಿಂದ ಇಲ್ಲಿ ನಮೂದಿಸಿದೆ.

೫. ಗಂಡಹೆಂಡಿರಿಬ್ಬರಿಗೂ ಸುಹಾಸ ಒಬ್ಬನೇ. ತಮ್ಮ ಸಿಲಿಂಡರಿನ ಮೇಲೆ ಒಂದು ಕೈ, ಧರೆಪ್ಪನ ಸಿಲಿಂಡರಿನ ಮೇಲೆ ಒಂದು ಕೈ ಇಟ್ಟುಕೊಂಡು ಕೆಳಗಿಳಿಸಿದನು. ಫೋಟೊ ತೆಗೆಯುವವನು ಬೇರೆಯವನು, ಮುಂದಿನಿಂದ ಬರುತ್ತಿದ್ದನು. ಮರಳಿನ ತಳ. ನೀರು ನಮ್ಮ ಹೊಳೆಯಂತಲ್ಲ, ಕನ್ನಡಿಯಂತೆ ತಿಳಿ. ಹಳದಿ ಪಟ್ಟೆಯ ಮೀನುಗಳು ಸಂತೆಗೆ ಬಂದವರಂತೆ ಸುತ್ತ ತಿರುಗುತ್ತಿದ್ದವು. ಇಷ್ಟೆಲ್ಲ ಇರುವಾಗ ಧರೆಪ್ಪನ ಲಕ್ಷ್ಯವೆಲ್ಲ ಬೆನ್ನ ಹಿಂದಿನ ಕೈಯ ಮೇಲೇ. ಫೋಟೊದಲ್ಲಿ ಆ ಕೈ ಬಂದರೆ ಊರಲ್ಲಿ ಮುಖ ತೋರಿಸುವುದು ಹೇಗೆ. ಆದ್ದರಿಂದ ತಳ ಮುಟ್ಟಿದ ಕೂಡಲೇ ಅವನು ಹಿಂದಕ್ಕೆ ಕೈ ಹಾಕಿ ಸುಹಾಸನ ಕೈಯನ್ನು ಝಾಡಿಸಿ ಬಿಡಿಸಿಕೊಂಡನು.

ಬಿಡಿಸಿಕೊಂಡವನು ಸುಮ್ಮನಿರಬೇಕಿತ್ತು. ನೀರಿನ ತಳದಲ್ಲಿ ಒಬ್ಬನೇ ಇದ್ದೇನೆ ಎಂದು ಅನ್ನಿಸಿದೊಡನೆ ಮೈಗೆ ಹಳೆಯ ರೂಢಿ ನೆನಪಾಯಿತು. ಎದೆ ತುಂಬ ಗಾಳಿ ಎಳೆದು ಬಿಗಿಹಿಡಿದನು. ಹಾಗೆ ಹಿಡಿದದ್ದು ಅವನಿಗೇ ಗೊತ್ತಾಗಲಿಲ್ಲ. ಉಬ್ಬಿದ ಎದೆ ಅವನನ್ನು ಮೇಲಕ್ಕೆತ್ತಿತು. ಕಾಲು ಮರಳು ಬಿಟ್ಟಿತು. ಧರೆಪ್ಪನು ತಾನು ಹಗುರಾದೆನೆಂದು ಸಂತೋಷಪಡುತ್ತಾ, ಉಸಿರು ಕಟ್ಟಿದಂತೆಯೇ, ಮೇಲಕ್ಕೆ ಹೊರಟನು.

ಆಗ ಬೆನ್ನಿನ ಮೇಲೆ ಒಂದು ಜಗ್ಗು ಬಂತು. ಒಂದೇ ಒಂದು. ಜೋರಾಗೂ ಅಲ್ಲ, ಮೆಲ್ಲಗೂ ಅಲ್ಲ, ಹೊಳೆಯಲ್ಲಿ ಪ್ರತಿ ಸಲ ಬರುವ ಅದೇ ಜಗ್ಗು. "ಹ್ಯಾಂಗದೀರಿ?" ಎಂದು.

ಧರೆಪ್ಪನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಹಗ್ಗವಿರಲಿಲ್ಲ. ಉತ್ತರ ಕೊಡದೇ ಇರುವುದು ಅವನಿಂದ ಆಗದ ಮಾತು. ಬೇರೆ ಉಪಾಯ ಕಾಣದೆ ಅವನು ನಳಿಕೆಯೊಳಗೇ ಬಾಯಿಂದ "ಅದೀನಿ" ಎಂದನು. ಹಾಗೆ ಅಂದೊಡನೆ ಕಟ್ಟಿದ ಉಸಿರೆಲ್ಲ ಗುಳುಗುಳು ಎಂದು ಹೊರಟುಹೋಯಿತು. ಅವನು ಮೆಲ್ಲಗೆ ಮರಳಿನ ಮೇಲೆ ಕುಳಿತನು. ತಿರುಗಿ ನೋಡಿದರೆ ಸಿಲಿಂಡರಿನ ಪಟ್ಟಿಯನ್ನು ಹಿಡಿದಿದ್ದದ್ದು ಸುಹಾಸನ ಕೈಯಲ್ಲ, ಹಸಿರು ಬಳೆಯ ಕೈ. ಆ ಹಿಡಿತದಲ್ಲಿ ಒಂದು ಬಳೆ ಒಡೆದಿತ್ತು. ತಾವು ಇನ್ನೊಂದು ಕೈಯಿಂದ ತಮ್ಮ ಮಾಪಕವನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದಿರಿ. ಕಾಯಲು ಇಟ್ಟ ಹಾಲನ್ನು ನೋಡುವ ಹಾಗೆ.

ದೋಣಿಗೆ ಬಂದ ಮೇಲೆ ಸುಹಾಸನ ಮುಖ ಬೆಳ್ಳಗಾಗಿತ್ತು. ಅವನು ಧರೆಪ್ಪನ ಸಿಲಿಂಡರನ್ನು ಬಿಚ್ಚಿಟ್ಟನು. ತಮ್ಮ ಕಡೆ ತಿರುಗಿ, "ಕಾಕು, ನೀವು ಮತ್ತ ಯಾವಾಗ ಬೇಕಾದ್ರೂ ಬರ್ರಿ" ಎಂದನು. ಇಬ್ಬರನ್ನೂ ಕರೆಯಲಿಲ್ಲ ಎಂಬುದು ಗಮನಾರ್ಹ.

೬. ಇಲ್ಲಿಯವರೆಗಿನದಕ್ಕೆ ಅರ್ಜಿದಾರನು ಅಷ್ಟೇನೂ ನಾಚಿಕೊಳ್ಳುವುದಿಲ್ಲ. ಮುಂದಿನದಕ್ಕೆ ನಾಚಿಕೊಳ್ಳುತ್ತಾನೆ.

೭. ಊರಿಗೆ ಬಂದ ಮೇಲೆ ಫೋಟೊ ಬಂತು. ಧರೆಪ್ಪ ಮರಳಿನ ಮೇಲೆ ರಾಜನಂತೆ ಕುಳಿತಿದ್ದಾನೆ, ಸುತ್ತ ಮೀನು, ಬೆನ್ನ ಹಿಂದೆ ಬಳೆ ತೊಟ್ಟ ಕೈ. ಗೈಡಿನ ಕೈಯಾಗಿದ್ದರೆ "ಅಲ್ಲಿಯ ಕಾನೂನು" ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಈಜು ಬಾರದ ಹೆಂಡತಿಯ ಕೈ ಎಂದರೆ ಚಹಾದಂಗಡಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಅಷ್ಟರಲ್ಲಾಗಲೇ ಅವನು ಅಲ್ಲಿ, "ಗೈಡನ್ನ ಝಾಡಿಸಿ ಒಗದೆ, ಒಬ್ಬಾಂವ ತಳಕ್ಕ ಕುಂತು ಬಂದೆ" ಎಂದು ಹೇಳಿಯಾಗಿತ್ತು. ದುಂಡೇಶನ ಹೊಸ ಮೊಬೈಲಿನಲ್ಲಿ, ಬೇಡವಾದದ್ದನ್ನು ಬೆರಳಿನಿಂದ ಉಜ್ಜಿದರೆ ಅದು ಫೋಟೊದಿಂದ ಮಾಯವಾಗುವ ಸೌಲಭ್ಯವಿದೆ. ಉಜ್ಜಿದ್ದು ದುಂಡೇಶನಲ್ಲ. ಅವನು ಮೊಬೈಲು ಕೊಟ್ಟನು ಅಷ್ಟೇ. ಬೆರಳು ಅರ್ಜಿದಾರನದು.

ಮರುದಿನ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿತು. "ಯಾರ ಆಸರೆಯೂ ಇಲ್ಲದೆ ಸಮುದ್ರದ ತಳ ಮುಟ್ಟಿ ಬಂದ ನಮ್ಮೂರ ಹುಲಿ ಧರೆಪ್ಪಣ್ಣನವರಿಗೆ ಹಾರ್ದಿಕ ಅಭಿನಂದನೆಗಳು. ಶುಭ ಕೋರುವವರು: ದುಂಡೇಶ ಮತ್ತು ಗೆಳೆಯರ ಬಳಗ." ಉಜ್ಜುವಾಗ ಕೈ ಪೂರ್ತಿ ಹೋಗಿ, ಒಂದು ಬಳೆ ಮಾತ್ರ ಉಳಿದುಬಿಟ್ಟಿತ್ತು. ಹುಲಿಯ ಭುಜದ ಹಿಂದೆ ಹಸಿರು ಬಳೆಯೊಂದು ಯಾರದ್ದೂ ಅಲ್ಲದೆ ನೀರಿನಲ್ಲಿ ನಿಂತಿತ್ತು. ಅದು ಸಮುದ್ರದ ಹಾವಿನ ಮರಿ ಎಂದು ಕೆಲವರೂ, ಸಿಲಿಂಡರಿನ ವಾಷರ್ ಸಡಿಲಾಗಿರಬೇಕು ಎಂದು ಮೋಟರ್ ರಿಪೇರಿಯ ಮಾಳಸಿದ್ದನೂ ಅಭಿಪ್ರಾಯಪಟ್ಟರು. ಧರೆಪ್ಪನು ಎಲ್ಲರಿಗೂ "ಹೌದು ಹೌದು" ಎಂದನು.

ತಾವು ಹಿಟ್ಟಿನ ಗಿರಣಿಯಿಂದ ಡಬ್ಬಿ ಹೊತ್ತು ಬರುತ್ತಾ ಆ ಫ್ಲೆಕ್ಸಿನ ಮುಂದೆ ನಿಂತಿರಿ. ಅದೇ ಹೊತ್ತಿಗೆ ಧರೆಪ್ಪ ಬಂದನು. ತಾವು ಕೇಳಿದ್ದು ಒಂದೇ ಮಾತು.

"ನನ್ನ ಕೈ ಎಲ್ಲಿ ಹೋತ್ರಿ?"

ಇದಕ್ಕೆ ಅವನು, "ಫೋಟೊದಾಗ ಅದು ಚಂದ ಕಾಣಲಿಲ್ಲ, ತಗಿಸಿದ್ನಿ" ಎಂದು ಉತ್ತರಿಸಿದನು. ಈ ಉತ್ತರವನ್ನು ಬರೆಯುವಾಗ ತಾಯಿಯವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿ ಅರ್ಜಿದಾರನ ಮುಖ ನೋಡಿದ್ದಾರೆ.

೮. ಆ ದಿನದಿಂದ ತಾವು ಊಟಕ್ಕೆ ಬಡಿಸುತ್ತೀರಿ, ಆದರೆ ತಾಟಿನ ಜೊತೆ ಮಾತಾಡುತ್ತೀರಿ. "ಇನ್ನೊಂದು ರೊಟ್ಟಿ ಬೇಕೇನು" ಎಂದು ತಾಟನ್ನು ಕೇಳಲಾಗುತ್ತದೆ. ಇದನ್ನೂ ಧರೆಪ್ಪ ತಾಳಿಕೊಂಡನು. ಅಷ್ಟರಲ್ಲಿ ನದಿಯ ನೀರು ಇಳಿದು, ಎಲ್ಲೆಲ್ಲಿಯದೋ ಜಲಪರ್ಣಿ ತೇಲಿಬಂದು ಸಂಘದ ಫುಟ್‌ವಾಲ್ವಿಗೆ ಸುತ್ತಿಕೊಂಡಿತು. ಮೋಟರು ಗುಂಯ್ ಎಂದಿತು. ಮಂದಿ ಅರ್ಜಿ ಹಿಡಿದು ಬಂದರು. ಧರೆಪ್ಪ ಹಗ್ಗ ಹೆಗಲಿಗೆ ಹಾಕಿ ಅಡುಗೆಮನೆಯ ಬಾಗಿಲಲ್ಲಿ ಕೆಮ್ಮಿದನು. ಒಳಗಿನಿಂದ ತಾಯಿಯವರು ಬಂದು ಹೇಳಿದರು.

"ಇಲ್ಲದ ಕೈಲೆ ಹಗ್ಗ ಹ್ಯಾಂಗ ಹಿಡೀಲಿ ಅಂತ ಕೇಳಾಕತ್ತಾಳ ನೋಡಪಾ. ನನಗ ಉತ್ತರ ತಿಳೀಲಿಲ್ಲ. ನಿನಗ ತಿಳದ್ರ ಹೇಳು, ಒಳಗ ಹೋಗಿ ಹೇಳ್ತೀನಿ."

ಧರೆಪ್ಪನು ಹಗ್ಗವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡನು. "ಇರಲಿ, ನಾ ಒಬ್ಬಾಂವ ಹೋಗಿ ಬರ್ತೀನಿ" ಎಂದು ಹೊರಟನು.

೯. ತದನಂತರ ನಡೆದ ಪ್ರಯೋಗಗಳ ವರದಿ ಈ ಕೆಳಗಿನಂತಿದೆ.

ಮೊದಲು ಹಗ್ಗವನ್ನು ಮೋಟರ್ ಶೆಡ್ಡಿನ ಕಬ್ಬಿಣದ ಕಂಬಕ್ಕೆ ಕಟ್ಟಲಾಯಿತು. ಕಂಬ ಗಟ್ಟಿಯಾಗಿದೆ, ತಮಗಿಂತ ಗಟ್ಟಿ ಎಂದರೂ ತಪ್ಪಲ್ಲ. ಧರೆಪ್ಪ ಇಳಿದನು. ತಳದಲ್ಲಿ ಕೈಗೆ ಕಸವೂ ಸಿಕ್ಕಿತು. ಬಿಡಿಸುತ್ತಿರುವಾಗ ಒಂದು ಜಗ್ಗು ಬರಬೇಕಾದ ಹೊತ್ತು ಬಂತು, ಜಗ್ಗು ಬರಲಿಲ್ಲ. ಅವನು ಕಾದನು. ಕೆಳಗೆ ಕತ್ತಲು, ರಾಡಿ. ತಾನು ಇದ್ದೇನೋ ಇಲ್ಲವೋ ಎಂದು ಕೇಳುವವರು ಮೇಲೆ ಯಾರೂ ಇಲ್ಲವಲ್ಲ ಎಂದು ಅವನಿಗೆ ಹೆದರಿಕೆಯಾಯಿತು. ಹೊಳೆಯಲ್ಲಿ ಹುಟ್ಟಿ ಬೆಳೆದವನಿಗೆ ಹೊಳೆಯಲ್ಲಿ ಹೆದರಿಕೆಯಾದದ್ದು ಇದೇ ಮೊದಲು. ಕಸವನ್ನು ಅಲ್ಲಿಯೇ ಬಿಟ್ಟು ಮೇಲೆದ್ದು ಬಂದನು. "ಏನಾತಣ್ಣಾ?" ಎಂದು ಕೇಳಿದ ಮಂದಿಗೆ, "ನೀರು ಭಾಳ ತಣ್ಣಗದಾವು" ಎಂದನು. ಆಗ ಮೇ ತಿಂಗಳ ಮಧ್ಯಾಹ್ನ.

ಆಮೇಲೆ ದುಂಡೇಶನ ಕೈಗೆ ಹಗ್ಗ ಕೊಡಲಾಯಿತು. ದುಂಡೇಶನು ನಡುವೆ ಜಗ್ಗಬೇಕೆಂಬುದನ್ನು ಚೆನ್ನಾಗಿ ಕೇಳಿಕೊಂಡನು. ಧರೆಪ್ಪ ತಳ ಮುಟ್ಟುವಷ್ಟರಲ್ಲಿ ಅವನಿಗೆ ಫೋನು ಬಂತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬೀಡಿ. ಧರೆಪ್ಪ ಮೇಲೆ ಬಂದಾಗ ಹಗ್ಗದ ತುದಿ ಅವನ ಮುಂದೆಯೇ ನೀರಿನಲ್ಲಿ ತೇಲುತ್ತಾ ಸಾಂಗಲಿಯ ಕಡೆಯಿಂದ ಬಂದ ಕಸದ ಜೊತೆ ಹೊರಟಿತ್ತು.

ಬೇರೆ ಊರಿನಿಂದ ಮುಳುಗುವ ಮನುಷ್ಯನನ್ನು ಕರೆಸೋಣ ಎಂದು ಸದಸ್ಯರು ಸೂಚಿಸಿದ್ದಾರೆ. ತಾಯಿಯವರು ಅದಕ್ಕೆ, "ಕರಸ್ರಿ, ಅವನ ಹೇಣ್ತಿನ್ನೂ ಕರಸ್ರಿ" ಎಂದಿದ್ದಾರೆ.

೧೦. ಈ ಎಲ್ಲ ಕಾರಣಗಳಿಂದ, ಧರೆಪ್ಪನು ಆಸರೆ ಎಂಬ ವಿಷಯದಲ್ಲಿ ತನ್ನ ನಿಲುವನ್ನು ತಿದ್ದಿಕೊಂಡಿರುತ್ತಾನೆ. ತಿದ್ದುಪಡಿ ಹೀಗಿದೆ. ಗೈಡಿನ ಕೈಯನ್ನು ಝಾಡಿಸುವುದು ಸ್ವಾವಲಂಬನೆಯಾಗುವುದಿಲ್ಲ. ದುಂಡೇಶನ ಹಾಗೆ ಕಣ್ಣು ಮುಚ್ಚಿಕೊಂಡು ಗೈಡಿಗೆ ಜೋತುಬೀಳುವುದೂ ಆಗುವುದಿಲ್ಲ. ಆ ದಿನ ಸಮುದ್ರದಲ್ಲಿ ಸ್ವಾವಲಂಬಿ ಎಂದು ಕರೆಯಬಹುದಾದವರು ತಾವೊಬ್ಬರೇ ಇದ್ದಿರಿ. ಗೊತ್ತಿಲ್ಲದ್ದನ್ನು ಸುಹಾಸನಿಂದ ಕೇಳಿ ತಿಳಿದುಕೊಂಡಿರಿ, ಅವನು ಹಿಡಿದರೆ ಹಿಡಿಸಿಕೊಂಡಿರಿ, ಆದರೆ ತಮ್ಮ ಮುಳ್ಳನ್ನು ತಾವೇ ನೋಡಿಕೊಂಡಿರಿ. ಮಿಕ್ಕ ಕೈಯಿಂದ ಇನ್ನೊಬ್ಬನನ್ನೂ ಹಿಡಿದಿರಿ. ಈ ವಿಷಯವನ್ನು ಚಹಾದಂಗಡಿಯಲ್ಲಿ ಹೇಳಲು ಅರ್ಜಿದಾರನಿಗೆ ಬಾಯಿ ಬರಲಿಲ್ಲ. ಆದಕಾರಣ ಇಂದು ಮುಂಜಾನೆ ಅವನೇ ಏಣಿ ಹಾಕಿ ಹಳೆಯ ಫ್ಲೆಕ್ಸ್ ಇಳಿಸಿ, ಕೈ ಇರುವ ಮೂಲ ಫೋಟೊದ ಹೊಸ ಫ್ಲೆಕ್ಸನ್ನು ಅದೇ ಜಾಗದಲ್ಲಿ ಕಟ್ಟಿದ್ದಾನೆ. ಅದರ ಮೇಲೆ ಬರಹ ಏನೂ ಇಲ್ಲ. ಏನು ಬರೆಸಬೇಕೆಂದು ತಿಳಿಯಲಿಲ್ಲ. ಹೋಗಿಬರುವ ಮಂದಿ, "ಇದು ವೈನಿಯವರ ಕೈ ಅಲ್ಲೇನು?" ಎಂದು ಕೇಳುತ್ತಿದ್ದಾರೆ. ಅದಕ್ಕೂ ಅವನು "ಹೌದು ಹೌದು" ಎನ್ನುತ್ತಿದ್ದಾನೆ. ಈ ಸಲದ್ದು ನಿಜವಾದ ಹೌದು.

ಆದ್ದರಿಂದ ಮಾನ್ಯರು ದಯಮಾಡಿ,

(ಅ) ಹಗ್ಗದ ದಂಡೆಯ ತುದಿಯ ಅಧಿಕಾರವನ್ನು ಪುನಃ ವಹಿಸಿಕೊಳ್ಳಬೇಕಾಗಿಯೂ,

(ಆ) ತಾಟಿನ ಬದಲು ನೇರವಾಗಿ ಅರ್ಜಿದಾರನೊಂದಿಗೆ ಮಾತಾಡಬೇಕಾಗಿಯೂ, ಬಯ್ಯುವುದಿದ್ದರೆ ಅದನ್ನೇ ಮೊದಲು ಮಾಡಬಹುದಾಗಿಯೂ,

(ಇ) ನೆಲದ ಮೇಲಿರುವಾಗಲೂ ಆಗಾಗ ಒಮ್ಮೆ "ಹ್ಯಾಂಗದೀರಿ" ಎಂದು ಕೇಳಬೇಕಾಗಿಯೂ, ಅರ್ಜಿದಾರನೂ ತಮ್ಮನ್ನು ಹಾಗೆಯೇ ಕೇಳಲು ಅನುಮತಿ ನೀಡಬೇಕಾಗಿಯೂ ಪ್ರಾರ್ಥನೆ. ಈ ಕೊನೆಯದು ಸಂಘದ ನೀರಿಗೆ ಸಂಬಂಧಿಸಿದ್ದಲ್ಲ.

ಸಂಘದ ಸದಸ್ಯರೆಲ್ಲರೂ ದಂಡೆಯ ಮೇಲೆ ಕುಳಿತು ಮನೆಯ ಕಡೆ ನೋಡುತ್ತಿದ್ದಾರೆ. ಅವರಿಗಾಗಿ ಅವಸರ ಮಾಡಬೇಕಾಗಿಲ್ಲ.

ನೀರಿನಲ್ಲಿಯೂ ನೆಲದ ಮೇಲೆಯೂ ತಮ್ಮ ವಿಶ್ವಾಸಿ,
(ಧರೆಪ್ಪ)

ಮುಖಾಂತರದವರ ಷರಾ: ಓದಿಸಿ ಕೇಳೀನಿ. ಒಂದೆರಡು ಕಡೆ ಸುಳ್ಳು ಐತಿ, ಭಾಳ ಇಲ್ಲ. ಹೊಳಿಯಾಗ ಹೆದರಿಕಿ ಆತು ಅಂತ ಬರದಾನಲ್ಲ, ಅದು ಖರೇ. ಮನಿಗೆ ಬಂದಾಗ ಮಾರಿ ನೋಡೀನಿ. ಒಳಗ ಕಳಸಾಕ ಅಡ್ಡಿ ಇಲ್ಲ. ಸಕ್ಕುಬಾಯಿ (ಹೆಬ್ಬೆಟ್ಟು).

ಲಗತ್ತುಗಳು:
೧. ಕೈ ಇರುವ ಮೂಲ ಫೋಟೊ, ಚೌಕಟ್ಟು ಸಹಿತ.
೨. ಕೈ ಇಲ್ಲದ ಫ್ಲೆಕ್ಸ್, ಮಡಚಿದ್ದು. ಕಣಿಕೆಯ ಬಣವೆಗೆ ಹೊದಿಸಲು ಯೋಗ್ಯ.
೩. ಹಸಿರು ಗಾಜಿನ ಬಳೆಗಳು. ಅಳತೆಯನ್ನು ತಾಯಿಯವರಿಂದ ಕೇಳಿ ತಂದದ್ದು. ತಪ್ಪಿದ್ದರೆ ಅವರೇ ಹೊಣೆ.
೪. ಹಗ್ಗದ ಒಂದು ತುದಿ.

ವಿಶೇಷ ಸೂಚನೆ: ಲಗತ್ತು ೪ನ್ನು ಅಡುಗೆಮನೆಯ ಬಾಗಿಲ ಸಂದಿಯಿಂದ ಒಳಕ್ಕೆ ತಳ್ಳಲಾಗಿದೆ. ಅದರ ಇನ್ನೊಂದು ತುದಿ ಪಡಸಾಲೆಯಲ್ಲಿ ಕುಳಿತಿರುವ ಅರ್ಜಿದಾರನ ಸೊಂಟದಲ್ಲಿದೆ. ಗಂಟನ್ನು ಅವನೇ ಹಾಕಿಕೊಂಡಿರುವುದರಿಂದ ಅದು ನಿಲ್ಲುವ ಭರವಸೆಯಿಲ್ಲ. ಈ ಅರ್ಜಿಗೆ ಲಿಖಿತ ಆದೇಶ ಬೇಕಾಗಿಲ್ಲ. ತಾವು ಆ ತುದಿಯನ್ನು ಒಮ್ಮೆ ಜಗ್ಗಬೇಕಾಗಿ ವಿನಂತಿ. ಅರ್ಜಿದಾರನು ಉತ್ತರ ಕೊಡಲು ಕಾದು ಕುಳಿತಿದ್ದಾನೆ.